ಎಡದ ಲಿವರ್

ಮಂಕಿ, ಬುಧವಾರ

ಅಣ್ಣನಿಗೆ ನಮಸ್ಕಾರ.

ಈ ಪತ್ರದ ಜೊತೆ ಅತ್ತಿಗೆಯ ವಾಕರನ್ನೂ ಸಂತೆಗುಳಿ ಬಸ್ಸಿಗೆ ಹಾಕಿದ್ದೇನೆ, ಇಳಿಸಿಕೊ. ಅವರ ಕಾಲಿನ ಪ್ಲಾಸ್ಟರು ಒದ್ದೆಯಾಗದಂತೆ ನೋಡಿಕೊ. ನಾನು ಕಟ್ಟಿದ ಡೋಜರಿಗೆ ತಾಡಪಾಲು ಹೊದೆಸಿದ್ದೇನೆ. ಆಯುಧಪೂಜೆಯ ನಂತರ ಮುಟ್ಟಿಲ್ಲ.

“ಎಡ ಬಲ ಗೊತ್ತಿಲ್ದೆ ಎಂತಕ್ಕೆ ಹತ್ತಬೇಕಾಗಿತ್ತು?” ಎಂದು ಅತ್ತಿಗೆ ಕೇಳಿದರಂತೆ. “ನಂದೇ ತಪ್ಪು ಮಾರಾಯ್ತಿ” ಎಂದೆಯಂತೆ ನೀನು. ಅವರ ತವರಿಗೆ ಹೋಗಿ ನಿಮ್ಮಿಬ್ಬರನ್ನೂ ನೋಡಿಕೊಂಡು ಬಂದ ಅಮ್ಮ ಹೇಳಿದಳು. ಅಂದಿನಿಂದ ನನಗೆ ಅನ್ನ ಸೇರುತ್ತಿಲ್ಲ.

ಟಿಲ್ಲರ್ ಎಂಜಿನ್ನಿಗೆ ಚೈನು ಪಟ್ಟಿ ಕೂರಿಸಿ ಎರಡು ವರ್ಷ ಹುಚ್ಚು ಹಿಡಿದವನಂತೆ ಕಟ್ಟಿದ ಗಾಡಿ ಅದು. ಹಬ್ಬಕ್ಕೆ ಎಂಟು ದಿನ ಮೊದಲು ಸೀಟು ಹಿಂದೆ ಸರಿಸುವಾಗ ಲಿವರಿನ ಸರಳುಗಳನ್ನು ಅದಲುಬದಲು ಜೋಡಿಸಿಬಿಟ್ಟೆ. ಎಡದ್ದು ಎಳೆದರೆ ಎಡಕ್ಕೆ ತಿರುಗಬೇಕಾದ ಗಾಡಿ ಬಲಕ್ಕೆ ತಿರುಗತೊಡಗಿತು. ಮತ್ತೆ ಬಿಚ್ಚಲು ಬೇಸರವಾಗಿ ಹಾಗೇ ಓಡಿಸಿದೆ; ನನ್ನ ಕೈಗೆ ರೂಢಿಯಾಯಿತು. ಪೂಜೆಯ ದಿನ ಲಿಂಬೆಹಣ್ಣಿನ ಮೇಲೆ ಹಾಯಿಸಲು ಮನೆಯ ಹಿರಿಯನೆಂದು ನಿನ್ನನ್ನು ಹತ್ತಿಸಿದೆ. ಹೇಳಬೇಕೆಂದು ಹೊಳೆಯಲೇ ಇಲ್ಲ.

ಅತ್ತಿಗೆ ಆರತಿ ತಟ್ಟೆ ಹಿಡಿದು ಬಲಗಡೆ ನಿಂತಿದ್ದರು. ಗಾಡಿ ಅವರತ್ತ ಸರಿದಾಗ ನೀನು ಎಳೆದದ್ದು ಎಡದ ಲಿವರನ್ನೇ; ಗಾಡಿ ಬಲಕ್ಕೇ ತಿರುಗಿ ಅವರ ಕಾಲಿನ ಮೇಲೆ ಹೋಯಿತು. ನಾನು ಕಣ್ಣಾರೆ ನೋಡಿದೆ. ಆಸ್ಪತ್ರೆಯಲ್ಲಿ ಎಲ್ಲರೂ ನಿನ್ನನ್ನು ಬೈಯುವಾಗ ನಾನು ಔಷಧಿ ಚೀಟಿ ಹಿಡಿದುಕೊಂಡು ಸುಮ್ಮನೆ ನಿಂತಿದ್ದೆ.

ಸರಳುಗಳನ್ನು ಸರಿ ಮಾಡಿಲ್ಲ. ಬೇಕಾದವರು ಬಂದು ನೋಡಲಿ. ಈ ಪತ್ರವನ್ನು ಓದಿ ಜೇಬಿನಲ್ಲಿ ಇಟ್ಟುಕೊಳ್ಳಬೇಡ, ನಿನ್ನ ಬುದ್ಧಿ ನನಗೆ ಗೊತ್ತು. ಅತ್ತಿಗೆಯ ಕೈಗೆ ಕೊಡು.

ನಿನ್ನ ತಮ್ಮ,
ನಿತೇಶ