ಅಳೆಯದ ಹತ್ತು ದಿನಗಳು

ಭಾವನವರಿಗೆ,

ಪತ್ರದ ಮೊದಲಿಗೆ ಕ್ಷೇಮವನ್ನು ವಿಚಾರಿಸುವುದು ನಾನು ಕಲಿತ ಕ್ರಮ. ನೀವು ದೇಹ ಬಿಟ್ಟು ಆರು ವರ್ಷಗಳಾದುವು. ಈಗ ಅದನ್ನು ಕೇಳುವ ಅಧಿಕಾರ ನನಗಿಲ್ಲ. ನಿಜ ಹೇಳುವುದಾದರೆ, ಈ ಹೊತ್ತು ಮನಸ್ಸೂ ಇಲ್ಲ. ನನ್ನ ತಂಗಿ ಗಿರಿಜೆಯ ಕೈಹಿಡಿದವರೆಂದು, ಕುಂದಾಪುರದ ಕಾಲೇಜಿನಲ್ಲಿ ವಿಜ್ಞಾನವನ್ನು ಬೋಧಿಸಿದ ವಿದ್ವಾಂಸರೆಂದು, ವಯಸ್ಸಿನಲ್ಲಿ ಹಿರಿಯರೆಂದು ನಾನು ನಿಮ್ಮೆದುರು ಎಂದೂ ಧ್ವನಿ ಏರಿಸಿದವನಲ್ಲ. ಈ ಪತ್ರದಲ್ಲಿ ಏರಿದರೆ ಅದಕ್ಕೆ ಕಾರಣ ನೀವೇ.

ತಲ್ಲೂರಿನ ನಮ್ಮ ಮನೆಗೆ ನೀವು ಆ ತಗಡಿನ ಪೆಟ್ಟಿಗೆಯನ್ನು ತಂದ ದಿನ ನೆನಪಿದೆಯೆ? ಮನೆಯ ಹಿಂದಿನ ಹೊಳೆಯ ಕಟ್ಟೆಯ ಮೇಲೆ ಕುಳಿತು ಅದನ್ನು ಬಿಚ್ಚಿದಿರಿ. ಒಂದು ಉಷ್ಣಮಾಪಕ, ನೀರಿನಲ್ಲಿ ತೇಲಬಿಟ್ಟರೆ ಉಪ್ಪಿನ ಪ್ರಮಾಣವನ್ನು ತೋರಿಸುವ ಒಂದು ಗಾಜಿನ ಕೊಳವೆ. ನೀರಿನ ಮಟ್ಟವನ್ನು ನೋಡುವುದಕ್ಕೆ ಮೆಟ್ಟಿಲ ಪಕ್ಕದ ಕಲ್ಲುಕಂಬದ ಮೇಲೆ ನೀವೇ ಬಿಳಿಯ ಗೀಟುಗಳನ್ನು ಎಳೆದಿರಿ. ಸಮುದ್ರದ ಉಪ್ಪು ವರ್ಷದ ಯಾವ ಕಾಲದಲ್ಲಿ ಹೊಳೆಯೊಳಗೆ ಎಷ್ಟು ಏರುತ್ತದೆಂಬುದು ನಿಮ್ಮ ಸಂಶೋಧನೆಯ ವಿಷಯ. ನಮ್ಮ ಕರಾವಳಿಗೆ ಸ್ವಂತ ವಿಶ್ವವಿದ್ಯಾಲಯ ಬಂದು ಆಗಿನ್ನೂ ಹೆಚ್ಚು ಕಾಲವಾಗಿರಲಿಲ್ಲ. ಅಲ್ಲಿಯವರೆಗೆ ಡಾಕ್ಟರೇಟ್ ಎಂದರೆ ಘಟ್ಟ ಹತ್ತಿ ಹೋಗಿ ಬೇರೆಯವರ ಬಾಗಿಲಲ್ಲಿ ಕಾಯುವ ಕೆಲಸವಾಗಿತ್ತು. ನಮ್ಮ ನೆಲದಲ್ಲಿ, ನಮ್ಮ ಹೊಳೆಯ ಮೇಲೆ, ನಮ್ಮವರೇ ಒಬ್ಬರು ಪ್ರಬಂಧ ಬರೆಯುತ್ತಾರೆಂದು ನಾನು ಹಿಗ್ಗಿದೆ.

"ಹ್ವಾಯ್ ಪಂಡಿತ್ರೆ, ದಿನಾ ಸೂರ್ಯ ಹುಟ್ಟುವತ್ತಿಗೆ ನೀವ್ ಹೊಳಿಬದಿಯಂಗೆ ಇಪ್ಪವ್ರ್. ಅರ್ಘ್ಯ ಬಿಟ್ಟಾದ್ ಮೇಲೆ ಈ ಕೊಳ್ವಿಯನ್ನೂ ನೀರಿಗೆ ಬಿಡಿ," ಎಂದಿರಿ.

"ನಂಗೆಂತ ಗೊತ್ತಿತ್ ಭಾವ? ನಾನ್ ಸಂಸ್ಕೃತ ಪಾಠ ಮಾಡುವವ."

"ಕಣ್ಣಿತ್ತಲ್ದಾ? ಸಾಕ್. ಕಂಡದ್ದ್ ಬರಿಕ್, ಕಾಣದ್ದ್ ಬರಿಯುಕಾಗ. ವಿಜ್ಞಾನ ಅಂದ್ರೆ ಅಷ್ಟೇ ಮಾರಾಯ್ರೆ!"

ಆ ಮಾತು ನನಗೆ ಉಪದೇಶದಂತೆ ಕೇಳಿಸಿತು. ಕಂಡದ್ದನ್ನು ಕಂಡಷ್ಟೇ ಹೇಳುವುದನ್ನಲ್ಲವೆ ನಮ್ಮ ಹಿರಿಯರು ಸತ್ಯವೆಂದದ್ದು? ಅಂದಿನಿಂದ ಏಳು ವರ್ಷ, ಬೆಳಗಿನ ಸಂಧ್ಯಾವಂದನೆಯ ಬೆನ್ನಿಗೇ ನಾನು ನೀರನ್ನು ಅಳೆದೆ. ಮೂರು ಅಂಕಿಗಳು, ಪಕ್ಕದಲ್ಲಿ ಅಂದಿನ ತಿಥಿ. ಉಪಕರಣಗಳ ಪೆಟ್ಟಿಗೆ ಜಗಲಿಯಲ್ಲಿರುತ್ತಿತ್ತು. ಅಂಕಿಗಳನ್ನು ಬರೆಯುವ ಪುಸ್ತಕವನ್ನು ಮಾತ್ರ ನಾನು ದೇವರ ಕೋಣೆಯಲ್ಲಿ, ಸಾಲಿಗ್ರಾಮದ ಪೆಟ್ಟಿಗೆಯ ಪಕ್ಕದಲ್ಲಿ ಇಟ್ಟಿದ್ದೆ. ನಿಮಗೆ ಅದು ತಮಾಷೆಯಾಗಿತ್ತು. ನನಗೆ ಅದು ವ್ರತವಾಗಿತ್ತು.

ಕೈ ಪಳಗಲೆಂದು ಲೆಕ್ಕದಿಂದ ಹೊರಗಿಟ್ಟಿದ್ದ ಮೊದಲ ತಿಂಗಳಲ್ಲಿ ಒಮ್ಮೆ ಜ್ವರ ಬಂದು ಏಳಲಾಗದೆ, ಹಿಂದಿನ ದಿನದ ಅಂಕಿಗಳನ್ನೇ ಮತ್ತೆ ಬರೆದುಬಿಟ್ಟೆ. ವಾರ ಕಳೆದು ನೀವು ಬಂದಾಗ ಮನಸ್ಸು ತಡೆಯದೆ ಒಪ್ಪಿಕೊಂಡೆ. ನೀವು ಕೆಂಪು ಪೆನ್ಸಿಲಿನಿಂದ ಆ ಸಾಲನ್ನು ಹೊಡೆದುಹಾಕಿದಿರಿ. "ಜ್ವರ ಬಂದ್ರೆ ಜ್ವರ ಅಂದೇಳಿ ಬರಿನಿ. ಸುಳ್ಳ್ ಅಂಕಿ ಒಂದಿದ್ರೆ ನಿಜವಾದ್ ನೂರನ್ನೂ ಯಾರೂ ನಂಬುದಿಲ್ಲ," ಎಂದಿರಿ. ಶಿಷ್ಯನಂತೆ ತಲೆ ತಗ್ಗಿಸಿ ನಿಂತಿದ್ದೆ. ಆ ಕೆಂಪು ಗೀಟನ್ನು ಎಳೆದ ಕೈಯೇ ಮುಂದೆ...

ಅಮ್ಮ ಹೋದದ್ದು ಕಾರ್ತೀಕ ಬಹುಳ ದಶಮಿಯಂದು, ಸೂರ್ಯೋದಯದ ಹೊತ್ತಿಗೆ. ಅವಳ ಬಾಯಿಗೆ ಗಂಗಾಜಲವನ್ನು ಬಿಡುತ್ತಿದ್ದವನು ನಾನು. ಅವಳ ಕಾಲ ಬಳಿ ಗಿರಿಜೆಯನ್ನು ಹಿಡಿದುಕೊಂಡು ನಿಂತಿದ್ದವರು ನೀವು. ಏಳು ತಿಂಗಳ ಬಸುರಿಯಾಗಿದ್ದ ಅವಳು ಅಲ್ಲೇ ಕುಸಿದು, ಒಳಕೋಣೆಯಲ್ಲಿ ಹಾಸಿಗೆ ಹಿಡಿದಳು. ಹತ್ತು ದಿನಗಳ ಸೂತಕ; ನೀವಿಬ್ಬರೂ ನಮ್ಮಲ್ಲೇ ಉಳಿದಿರಿ. ದೇವರ ಕೋಣೆಯ ಹೊಸ್ತಿಲನ್ನು ನಾನು ದಾಟುವಂತಿರಲಿಲ್ಲ. ಪುಸ್ತಕ ಅದರೊಳಗೆ ಉಳಿಯಿತು. ಉತ್ತರಕ್ರಿಯೆಯಲ್ಲಿ ಮುಳುಗಿದ್ದ ನನಗೆ ಆ ಹತ್ತು ದಿನ ಮನೆಯಲ್ಲಿ ಯಾರು ಏನು ಮಾಡಿದರೆಂಬುದೂ ತಿಳಿಯದು. ಹನ್ನೊಂದನೆಯ ದಿನ ಶುದ್ಧನಾಗಿ ಪುಸ್ತಕವನ್ನು ತೆಗೆದು, ಹತ್ತು ಸಾಲುಗಳನ್ನು ಖಾಲಿ ಬಿಟ್ಟು, ಅಡ್ಡಲಾಗಿ ಬರೆದೆ: ಸೂತಕ, ಅಳೆದಿಲ್ಲ.

ವೈಕುಂಠ ಸಮಾರಾಧನೆಯ ಊಟ ಮುಗಿಸಿ ಜಗಲಿಯಲ್ಲಿ ಕುಳಿತು ನೀವು ಆ ಪುಟವನ್ನು ನೋಡಿದಿರಿ.

"ಎಂತ ಪಂಡಿತ್ರೆ, ಹೊಳಿಗೂ ಸೂತ್ಕ ಇತ್ತಾ?"

"ಹೊಳಿಗಿಲ್ಲ ಭಾವ, ನಂಗಿತ್."

"ಹತ್ ದಿನ ಖಾಲಿ ಕಂಡ್ರೆ ಪರೀಕ್ಷೆ ಮಾಡುವವ್ರ್ ನನ್ನ ಬಿಡ್ತ್ರಾ?"

"ಅಬ್ಬಿ ಸತ್ತದ್ದ್ ಅಂದೇಳಿ ಹೇಳಿ. ಅವ್ರಿಗೂ ಅಬ್ಬಿ ಇಪ್ಪುದೇ ಅಲ್ದಾ?"

ನೀವು ನಕ್ಕಿರಿ. ನನ್ನ ಬೆನ್ನು ತಟ್ಟಿ, "ಆಯ್ತ್ ಮಾರಾಯ್ರೆ, ಖಾಲಿಯೇ ಬಿಡ್ತೆ," ಎಂದಿರಿ. ತಾಯಿಯನ್ನು ಕಳೆದುಕೊಂಡ ಮನೆಯಲ್ಲಿ, ಅವಳ ಹೆಸರಿನ ಊಟವನ್ನು ಉಂಡ ಕೈಯಲ್ಲಿ ಕೊಟ್ಟ ಮಾತು ಅದು.

ನಿಮ್ಮ ಮೌಖಿಕ ಪರೀಕ್ಷೆಗೆ ನನ್ನನ್ನೂ ಕರೆದೊಯ್ದಿರಿ. ಗುಡ್ಡದ ಮೇಲೆ ಅರ್ಧ ಕಟ್ಟಿದ ಗೋಡೆಗಳ ನಡುವೆ ಒಂದು ಕೊಠಡಿ. ಕಿಟಕಿಗೆ ಇನ್ನೂ ಬಾಗಿಲು ಕೂಡಿಸಿರಲಿಲ್ಲ. ಹೊರಗಿನಿಂದ ಬಂದ ಪರೀಕ್ಷಕರು ಇಂಗ್ಲಿಷಿನಲ್ಲಿ ಏನೋ ಹೇಳಿದರು; ಎಲ್ಲರೂ ತಿರುಗಿ ಹಿಂದಿನ ಬೆಂಚಿನಲ್ಲಿದ್ದ ನನ್ನನ್ನು ನೋಡಿದರು. ನಾನು ಎದ್ದು ಕೈಮುಗಿದೆ. ಹಿಂತಿರುಗುವಾಗ ಬಸ್ಸಿನಲ್ಲಿ ನೀವು ಅರ್ಥ ಹೇಳಿದಿರಿ: "ಏಳ್ ವರ್ಷದಂಗೆ ಒಂದ್ ದಿನವೂ ತಪ್ಲಿಲ್ಲ, ಇಂಥಾ ದಾಖ್ಲೆ ತಾನ್ ಕಂಡದ್ದಿಲ್ಲ ಅಂದ್ರ್ ಕಾಣಿ!" ನಾನು ಕೇಳಿದೆ, "ಆ ಹತ್ ದಿನ?" ಕಿಟಕಿಯ ಹೊರಗೆ ನೋಡುತ್ತ ಅಂದಿರಿ, "ಅದೆಲ್ಲ ಒಳಗೆ ಬರ್ದಿತ್ತ್."

ನಾನು ಮತ್ತೆ ಕೇಳಲಿಲ್ಲ. ಹೊಗಳಿಕೆಯ ಸವಿ ನನ್ನ ನಾಲಗೆಯನ್ನೂ ಕಟ್ಟಿತ್ತೇನೋ. ನನಗೆ ನೀವು ಕೊಟ್ಟ ಪ್ರಬಂಧದ ಪ್ರತಿಯನ್ನು ಕೆಂಪು ಪಟ್ಟೆವಸ್ತ್ರದಲ್ಲಿ ಸುತ್ತಿ ದೇವರ ಕೋಣೆಯಲ್ಲಿ ಇಟ್ಟೆ. ಪ್ರತಿ ನವರಾತ್ರಿಯಲ್ಲಿ ಶಾರದೆಯ ಪೂಜೆಗೆ ನಮ್ಮ ತಾಳೆಗರಿಗಳ ಜೊತೆ ಅದನ್ನೂ ಇಟ್ಟು, ಗಂಧ ಹಚ್ಚಿ, ಹೂವಿಟ್ಟು, ಮತ್ತೆ ಸುತ್ತಿಟ್ಟೆ. ಇಂಗ್ಲಿಷು ಬಾರದಿದ್ದರೇನು, ಅಂಕಿಗಳನ್ನಾದರೂ ಓದಬಹುದಿತ್ತು. ವರ್ಷ ವರ್ಷವೂ ಪೂಜಿಸಿದೆ. ಒಂದು ಸಲವೂ ತೆರೆಯಲಿಲ್ಲ.

ಹೋದ ಚಾತುರ್ಮಾಸ್ಯದಲ್ಲಿ ಒಂದು ಬೆಳಿಗ್ಗೆ ಅಶ್ವಿನಿಯೆಂಬ ಹುಡುಗಿ ನನ್ನನ್ನು ಹುಡುಕಿಕೊಂಡು ಬಂದಳು. ಬೈಂದೂರಿನ ಕಡೆಯವಳು, ನಿಮ್ಮದೇ ವಿಶ್ವವಿದ್ಯಾಲಯದಲ್ಲಿ ಇದೇ ಹೊಳೆಯ ಮೇಲೆ ಸಂಶೋಧನೆ ಮಾಡುವವಳು. ಅಂದಿಗೂ ಇಂದಿಗೂ ಉಪ್ಪು ಎಷ್ಟು ಮೇಲೆ ಬಂದಿದೆಯೆಂದು ಹೋಲಿಸುವುದಕ್ಕೆ ನಿಮ್ಮ ಅಂಕಿಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿದ್ದಾಳಂತೆ. ವಿಶ್ವವಿದ್ಯಾಲಯ ತನ್ನ ಚರಿತ್ರೆಯ ಗ್ರಂಥವೊಂದನ್ನು ಸಿದ್ಧಪಡಿಸುತ್ತಿದೆಯೆಂದೂ, ಅದರಲ್ಲಿ ನಿಮ್ಮ ಒಂದು ದಿನವೂ ತಪ್ಪದ ದಾಖಲೆಯ ಪ್ರಸ್ತಾಪವಿದೆಯೆಂದೂ ಹೇಳಿದಳು. ನನಗೆ ಸಂತೋಷವಾಯಿತು. ಪಾನಕ ಕೊಟ್ಟೆ. ಲೋಟವನ್ನು ಕೆಳಗಿಟ್ಟು ಅವಳು ಹಿಂಜರಿಯುತ್ತ ಬಾಯಿಬಿಟ್ಟಳು.

"ಮಾಷ್ಟ್ರೆ, ಒಂದ್ ಕೇಣ್ತೆ, ಬೇಜಾರ್ ಮಾಡ್ಕಣ್ಬೇಡಿ. ಈ ಹತ್ ದಿನ ನೀವ್ ಅಳ್ದದ್ದಾ, ಅಂದಾಜಿಗೆ ಬರ್ದದ್ದಾ?"

ಅವಳು ತೋರಿಸಿದ ಹಾಳೆಯಲ್ಲಿ ತಾರೀಕುಗಳಿದ್ದುವು. ಪಂಚಾಂಗ ನೋಡುವವನಿಗೆ ತಾರೀಕನ್ನು ತಿಥಿಗೆ ತಿರುಗಿಸಲು ಎಷ್ಟು ಹೊತ್ತು ಬೇಕು? ಕಾರ್ತೀಕ ಬಹುಳ ದಶಮಿ. ಅಲ್ಲಿಂದ ಹತ್ತು ದಿನ. ಪ್ರತಿಯೊಂದು ದಿನಕ್ಕೂ ಮೂರು ಅಂಕಿಗಳು. ಮೇಲೆ, ಅಳೆದವರು ಎಂಬಲ್ಲಿ, ನನ್ನ ಹೆಸರು. ಒಳಗೆ ಹೋಗಿ ಪಟ್ಟೆಯನ್ನು ಬಿಚ್ಚಿ ನಿಮ್ಮ ಗ್ರಂಥವನ್ನು ಮೊದಲ ಬಾರಿಗೆ ತೆರೆದೆ. ಹಾಗೆಯೇ ಇತ್ತು. ಅಂಕಿಗಳು ದಿನಕ್ಕೊಂದು ಮೆಟ್ಟಿಲಿನಂತೆ ಸಮವಾಗಿ ಏರುತ್ತಿದ್ದುವು. ಆ ಹತ್ತು ದಿನಗಳ ನಟ್ಟನಡುವೆ ಅಮಾವಾಸ್ಯೆ ಬಂದುಹೋಗಿದೆ, ಭಾವ! ಅಮಾವಾಸ್ಯೆಯ ಆಸುಪಾಸಿನಲ್ಲಿ ಸೂರ್ಯೋದಯಕ್ಕೆ ನಮ್ಮ ಕಟ್ಟೆಯ ನೀರು ತೀರ ಇಳಿದು ಕೊನೆಯ ಮೆಟ್ಟಿಲಿನ ಪಾಚಿ ಕಾಣುತ್ತದೆ. ನಿಮ್ಮ ಅಂಕಿಗಳಿಗೆ ಅಮಾವಾಸ್ಯೆಯೇ ಗೊತ್ತಿರಲಿಲ್ಲ.

ನನ್ನ ತಾಯಿಯ ಬಾಯಿಗೆ ಕೊನೆಯ ನೀರನ್ನು ಬಿಡುತ್ತಿದ್ದ ಗಳಿಗೆಯಲ್ಲಿ ನಾನು ಹೊಳೆಯ ಬದಿಯಲ್ಲಿ ಉಪ್ಪನ್ನು ಅಳೆಯುತ್ತಿದ್ದೆನೆಂದು ನೀವು ಲೋಕಕ್ಕೆ ಹೇಳಿದಿರಿ. ನನ್ನ ಹೆಸರನ್ನು ಬಿಟ್ಟಿದ್ದರೆ ನಾನು ಮಾತನಾಡುತ್ತಿರಲಿಲ್ಲ. ಮರೆತರು ಎಂದುಕೊಳ್ಳುತ್ತಿದ್ದೆ. ಆದರೆ ನೀವು ಹೆಸರನ್ನು ಬರೆದು ಅದರ ಕೆಳಗೆ ಸುಳ್ಳನ್ನು ಇಟ್ಟಿರಿ. ಎಂಬತ್ತರ ಹೊಸ್ತಿಲಲ್ಲಿ, ಮೊಮ್ಮಗಳ ವಯಸ್ಸಿನ ಹುಡುಗಿಯೊಬ್ಬಳು ನನ್ನ ಮನೆಯ ಜಗಲಿಯಲ್ಲಿ ಕುಳಿತು, ನೀವು ಅಂದಾಜಿಗೆ ಬರೆದಿರಾ ಎಂದು ನನ್ನನ್ನು ಕೇಳುವಂತೆ ಮಾಡಿದಿರಲ್ಲ, ಇದು ಯಾವ ನ್ಯಾಯ?

ನನ್ನ ಹಳೆಯ ಪುಸ್ತಕವನ್ನು ತಂದು ಖಾಲಿ ಸಾಲುಗಳನ್ನು ಅವಳೆದುರು ಇಟ್ಟು, ಆ ಹತ್ತು ದಿನ ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಳಿದೆ. ಅವಳು ಆ ಪುಟವನ್ನು ಎರಡು ಸಲ ಓದಿದಳು. ಮತ್ತೆ ನನ್ನ ಮುಖವನ್ನು ನೋಡಿ ಕನಿಕರದಿಂದ ಕೇಳಿದಳು, "ಸರ್ ಅವ್ರೇ ಅಳ್ದಿಪ್ಪುಕೂ ಸಾಕಲ್ದಾ ಮಾಷ್ಟ್ರೆ? ಅವ್ರೂ ಇಲ್ಲೇ ಇದ್ದಿರಲ್ದಾ?" ಅಂಕಿಗಳು ಅಷ್ಟು ಸಮವಾಗಿರುವುದು ಅಪರೂಪ, ಆದರೆ ಯಾರಾದರೂ ಅಳೆದದ್ದನ್ನು ಕಂಡಿದ್ದರೆ ತಾನು ಅವುಗಳನ್ನು ಉಳಿಸುತ್ತೇನೆ, ಹೆಸರೊಂದು ತಪ್ಪಿ ಅಚ್ಚಾಗಿದೆ ಎಂದು ಬರೆಯುತ್ತೇನೆ ಎಂದಳು. ಪೆಟ್ಟಿಗೆ ಜಗಲಿಯಲ್ಲೇ ಇತ್ತಲ್ಲವೆ? ಅಮಾವಾಸ್ಯೆಯ ವಿಷಯ ಅರಿತೂ ಆ ಆಸೆಯನ್ನು ನಾನು ಹಿಡಿದುಕೊಂಡೆ. ನೀವು ಸುಳ್ಳುಗಾರರಲ್ಲವೆಂದು ಯಾರಾದರೂ ಹೇಳಿದರೆ ಸಾಕಾಗಿತ್ತು ನನಗೆ. ಹೇಳಬಲ್ಲವಳು ಒಬ್ಬಳೇ ಇದ್ದಳು.

ಮರುದಿನವೇ ಬಸ್ಸು ಹತ್ತಿ ಸಾಸ್ತಾನದಲ್ಲಿ ಇಳಿದು ನಿಮ್ಮ ಮನೆಗೆ ಹೋದೆ. ಗಿರಿಜೆ ಅಡಿಗೆಕೋಣೆಯ ಬಾಗಿಲಲ್ಲಿ ಕುಳಿತು ಹರಿವೆಸೊಪ್ಪನ್ನು ಬಿಡಿಸುತ್ತಿದ್ದಳು. ಎಲ್ಲವನ್ನೂ ಹೇಳಿದೆ. ಅವಳ ಮುಖ ಕೆಂಪಾಯಿತು.

"ಅವ್ರ್ ಹೋಯಿ ಆರ್ ವರ್ಷ ಆಯ್ತ್ ಅಣ್ಣ. ಈಗ ಅವ್ರ್ ಹೆಸ್ರ್ ಹಾಳ್ ಮಾಡಿ ನಿಂಗೆಂತ ಸಿಕ್ಕತ್ತ್? ನಿನ್ ಹೆಸ್ರ್ ಒಂದ್ ಚಂದ ಇದ್ರೆ ಸಾಕಾ?"

"ಹಾಳ್ ಮಾಡುಕೆ ಬಂದದ್ದಲ್ಲ ಮಾರಾಯ್ತಿ. ಅಳ್ದದ್ದ್ ಅವ್ರೇ ಅಂದೇಳಿ ನೀ ಒಂದ್ ಮಾತ್ ಹೇಳ್. ನಾನ್ ಬರ್ದ್ ಕೊಡ್ತೆ. ಎಲ್ಲ ಮುಗೀತ್."

ಅವಳು ಸೊಪ್ಪಿನ ಮೇಲೆ ಕೈಯಾಡಿಸುತ್ತ ಕುಳಿತಳು. ಒಂದೇ ಮಾತು ಸಾಕಾಗಿತ್ತು, ಭಾವ. ಅವಳು ಹೌದೆಂದಿದ್ದರೆ ನಾನು ಕಣ್ಣುಮುಚ್ಚಿ ನಂಬುತ್ತಿದ್ದೆ. ನಿಮ್ಮ ಕೀರ್ತಿ ಉಳಿಯುತ್ತಿತ್ತು, ನನ್ನ ಮೇಲಿನ ಸಂದೇಹವೂ ಕಳೆಯುತ್ತಿತ್ತು. ಅವಳು ತಲೆ ಎತ್ತಿದಾಗ ಕಣ್ಣು ತುಂಬಿತ್ತು.

"ಹೇಳುದಿಲ್ಲ ಅಣ್ಣ. ಆ ಹತ್ ದಿನ ನಾನ್ ಏಳುಕಾಗ್ದೆ ಬಿದ್ಕಂಡಿದ್ದೆ. ಅವ್ರ್ ದಿನಾ ನಸುಕಂಗೆ ಎದ್ದ್, ಗಂಜಿತಿಳಿ ಕಾಸಿ ತಂದ್ ಕುಡ್ಸಿ, ಬಿಸಿಲ್ ಬಪ್ಪಲ್ಲಿವರಿಗೂ ನನ್ ಕೈ ಹಿಡ್ಕಂಡ್ ಕೂಕಂಡಿದ್ರ್. ಒಂದ್ ದಿನವೂ ಹೊಳಿಬದಿಗೆ ಹೋಯ್ಲಿಲ್ಲ. ಇಡೀ ಆಯುಷ್ಯವ ಆ ಪುಸ್ತಕಕ್ಕೇ ಕೊಟ್ರ್, ನಂಗ್ ಕೊಟ್ಟದ್ದ್ ಆ ಹತ್ ಬೆಳಿಗ್ಗೆ ಮಾತ್ರ. ಅದನ್ನೂ ಈಗ ಪುಸ್ತಕಕ್ಕೆ ಕೊಡ್ಕಾ?"

ಇದಕ್ಕೆ ಉತ್ತರ ನಿಮ್ಮಲ್ಲಿದೆಯೆ?

ಇನ್ನು ನೀವು ಕೇಳದ ಸಮಾಚಾರ. ನಾನು ನನ್ನ ಹೇಳಿಕೆಯನ್ನು ಬರೆದು, ಹಳೆಯ ಪುಸ್ತಕದ ಜೊತೆ ಅಶ್ವಿನಿಗೆ ಒಪ್ಪಿಸಿದ್ದೇನೆ. ಚರಿತ್ರೆಯ ಗ್ರಂಥದಲ್ಲಿ ಒಂದು ದಿನವೂ ತಪ್ಪದ ಎಂಬ ಮಾತನ್ನು ತೆಗೆದಿದ್ದಾರೆ. ನಿಮ್ಮ ಹೆಸರು ಉಳಿದಿದೆ. ಆ ಹತ್ತು ದಿನಗಳನ್ನು ಬಿಟ್ಟು ಹುಡುಗಿ ಮತ್ತೆ ಲೆಕ್ಕ ಹಾಕಿದಳು. ನಿಮ್ಮ ನಿರ್ಣಯ ಕೂದಲೆಳೆಯಷ್ಟೂ ಕದಲಲಿಲ್ಲವಂತೆ. ಅದನ್ನು ಕೇಳಿ ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಬೇಡವಾಗಿದ್ದ ಸುಳ್ಳಿಗೆ ನನ್ನನ್ನು ಮಾರಿದಿರಿ ಎಂದು ಇನ್ನಷ್ಟು ಉರಿಯಿತು. ಕ್ಷಮಿಸಬೇಕೆಂದು ಶಾಸ್ತ್ರ ಹೇಳುತ್ತದೆ. ನನ್ನಿಂದ ಇನ್ನೂ ಆಗಿಲ್ಲ. ಆಗದ್ದನ್ನು ಆಯಿತೆಂದು ನಿಮಗೆ ಬರೆಯಲಾರೆ.

ನನ್ನ ಹೇಳಿಕೆಯ ಕೆಳಗೆ ಗಿರಿಜೆಯೂ ಒಂದು ಸಾಲನ್ನು ಬರೆದು ಸಹಿ ಹಾಕಿದ್ದಾಳೆ. ಆ ಹಾಳೆಯನ್ನು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ನಿಮ್ಮ ಪ್ರಬಂಧದೊಳಗೆ, ಅದೇ ಪುಟಕ್ಕೆ ಅಂಟಿಸಿದ್ದಾರೆ. ಇನ್ನು ಮುಂದೆ ಯಾರೇ ಆ ಅಂಕಿಗಳನ್ನು ಓದಲಿ, ಪಕ್ಕದಲ್ಲಿ ಅವಳ ಕೈಬರಹವನ್ನೂ ಓದುತ್ತಾರೆ: ಈ ಹತ್ತು ದಿನವೂ ಸೂರ್ಯೋದಯದ ಹೊತ್ತಿಗೆ ನನ್ನ ಗಂಡ ನನ್ನ ಬಳಿಯಲ್ಲಿದ್ದರು.

ಇತಿ,
ನಿಮ್ಮ ಗಿರಿಜೆಯ ಅಣ್ಣ