ಹೊರಹೋಗುವ ದಾರಿಯ ನಿಯಮಗಳು

ಮಾರ್ಚ್ ೪, ಸೋಮವಾರ

ಸರ್ವರಿನ ಫ್ಯಾನ್ ಧೂಳು ಒರೆಸಿದೆ. ಎಲ್ಲ ಸರಿಯಿದೆ. ಗುರುತು ಮರೆಮಾಡಿ ಜನರನ್ನು ಇಂಟರ್ನೆಟ್ಟಿಗೆ ದಾಟಿಸುವ ಪ್ರಾಕ್ಸಿ ಇದು. ಆಚೆಯವರಿಗೆ ಕಾಣುವುದು ನಮ್ಮ ಸರ್ವರಿನ ನೆಟ್ ವಿಳಾಸ ಮಾತ್ರ. ಅಕ್ಕ ನಡೆಸುವ ಮನೆಗಾಗಿ ಶುರು ಮಾಡಿದ್ದು... ಗಂಡನ ಹೊಡೆತ ತಾಳದೆ ಬಂದವರಿರುವ ಮನೆ. ಈಗ ಸಿಕ್ಕಸಿಕ್ಕವರೆಲ್ಲ ಬಳಸುತ್ತಾರೆ. ಅಂದಮೇಲೆ ಕಳ್ಳರೂ.

ಲೈನ್ ಕೊಟ್ಟ ಕಂಪನಿಯ ಮ್ಯಾನೇಜರ್ ಫೋನು. (ನಾನಿಟ್ಟ ಹೆಸರು ಗುರ್ರಣ್ಣ.)

"ನಿಮ್ಮ ಮೆಷಿನ್ನಿಂದ ಯಾರೋ ರಾಶಿ ರಾಶಿ ಸ್ಪ್ಯಾಮ್ ಬಿಟ್ಟಿದಾರೆ ಮೇಡಂ. ಇನ್ನೊಂದು ದೂರು ಬಂತೋ, ಲೈನ್ ಕಟ್."

"ಮೇಲ್ ಹೋಗೋ ಪೋರ್ಟ್ ಮುಚ್ತೀನಿ ಬಿಡಿ."

"ಅಷ್ಟು ಸಾಲಲ್ಲ. ನಿಮ್ಮ ಸರ್ವರಿನ ನೆಟ್ ವಿಳಾಸ ತೆರೆದವರಿಗೆ ಇದೇನು, ಯಾರದು ಅಂತ ಒಂದು ಪೇಜ್ ಕಾಣ್ಬೇಕು."

ಗುರ್ ಎಂದೇ ಫೋನಿಟ್ಟ.

ಮಾರ್ಚ್ ೫

ನಿಯಮ ಬರೆದೆ. ಮೇಲ್ ಹೋಗುವ ೨೫ನೇ ಪೋರ್ಟ್ ಬಂದ್. ವೆಬ್‌ಸೈಟುಗಳದ್ದು ತೆರೆದಿರಬೇಕು. ಮಿಕ್ಕದ್ದೆಲ್ಲ ಬಂದ್. ಸರ್ವರ್ ಈ ಸಾಲುಗಳನ್ನು ಮೇಲಿನಿಂದ ಓದುತ್ತ ಬರುತ್ತದೆ, ಮೊದಲು ಹೊಂದಿದ ಸಾಲೇ ಕಡೆಯ ಮಾತು. ನಾನೋ, "ಎಲ್ಲ ಬಂದ್" ಸಾಲನ್ನು ಮೇಲಕ್ಕೆ ಹಾಕಿಬಿಟ್ಟಿದ್ದೆ.

ಅಕ್ಕನ ಫೋನು. "ಏನೇ ಇದು, ಒಂದೂ ತೆರೀತಿಲ್ಲ! ಇಲ್ಲೊಬ್ಳು ಅಮ್ಮನಿಗೆ ಮೇಲ್ ಕಳಿಸ್ಬೇಕು ಅಂತ ಬೆಳಗಿಂದ ಕಾದು ಕೂತಿದಾಳೆ."

ಸಾಲನ್ನು ಕೊನೆಗೆ ಇಳಿಸಿದೆ. ತೆರೆಯಿತು. ತಲೆ ಚಚ್ಚಿಕೊಂಡೆ. ಪೇಜನ್ನೂ ಹಾಕಿದೆ, ಆಫೀಸಿರುವ ಬೀದಿಯ ವಿಳಾಸ ಸಮೇತ.

ಮಾರ್ಚ್ ೧೧, ಮಧ್ಯಾಹ್ನ

ಒಬ್ಬ ಬಂದ. ಮೆತ್ತಗಿನ ಮಾತು.

"ನನ್ನ ಹೆಂಡ್ತಿ ಇಲ್ಲಿಂದ ಮೇಲ್ ತೆರೆದಿದಾಳೆ. ನನ್ನ ಫೋನಿಗೆ ಎಚ್ಚರಿಕೆ ಬಂತು. ಅದರಲ್ಲಿದ್ದ ನೆಟ್ ವಿಳಾಸ ಹುಡುಕಿದ್ರೆ ನಿಮ್ಮ ಪೇಜ್. ಕರೀರಿ ಅವಳನ್ನ."

"ಇಲ್ಲಿರೋದು ಬರೀ ಮೆಷಿನ್ನು."

"ನೋಡ್ಬಹುದಾ?"

ತೋರಿಸಿದೆ. ಕಪಾಟಿನ ಹಿಂದೆಯೂ ಬಗ್ಗಿ ನೋಡಿದ.

"ಎಷ್ಟೋ ಜನ ಇದರ ಮೂಲಕ ಹೋಗ್ತಾರೆ. ಯಾರು, ಎಲ್ಲಿಂದ ಅಂತ ಇದು ಬರೆದಿಡೋದೇ ಇಲ್ಲ. ಇಟ್ಟಿದ್ರೆ ತಾನೇ ನಾನು ಹೇಳೋಕೆ?"

ಮೇಜಿನ ಮೇಲೆ ಅವಳ ಫೋಟೋ ಇಟ್ಟ. "ಒಳ್ಳೆಯವಳು. ಯಾರೋ ತಲೆ ಕೆಡಿಸಿದಾರೆ." ಹೋಗುವಾಗ ನನ್ನ ಕುರ್ಚಿಯನ್ನು ಒಂದಿಷ್ಟು ಸರಿಸಿ, ನೆಟ್ಟಗೆ ಇಟ್ಟು ಹೋದ. ನಾನು ಎದ್ದು ಬಾಗಿಲ ಚಿಲಕ ಹಾಕಿದೆ.

ಅಕ್ಕನಿಗೆ ಹೇಳಿದೆ. ಅವಳ ಮೇಲ್ ಖಾತೆಗೆ ಇನ್ನೂ ಗಂಡನ ನಂಬರೇ ಜೋಡಣೆಯಾಗಿದೆ. ಮೊದಲು ಅದನ್ನು ಬಿಡಿಸಬೇಕು.

"ಪೇಜ್ ತೆಗೀತೀಯಾ?" ಎಂದಳು.

ತೆಗೆದರೆ ಲೈನ್ ಹೋಗುತ್ತದೆ. ಇರಲಿ. ಅವನು ಹುಡುಕಿಕೊಂಡು ಅಕ್ಕನ ಮನೆಗೆ ಹೋಗುವುದಕ್ಕಿಂತ ನನ್ನ ಬಾಗಿಲಿಗೆ ಬರುವುದೇ ವಾಸಿ.

ಮಾರ್ಚ್ ೧೭, ಭಾನುವಾರ

ಅಕ್ಕನ ಆಫೀಸಿಗೆ ಹೋಗಿದ್ದೆ. ಅಲ್ಲಿ ಕಾದು ಕೂತಿದ್ದವಳು ಆ ಫೋಟೋದವಳೇ. ಹೊಸ ಖಾತೆ ಮಾಡಿಕೊಟ್ಟೆ, ಗಂಡನ ನಂಬರ್ ಎಲ್ಲಿಯೂ ಉಳಿದಿಲ್ಲವೆಂದು ಒಂದೊಂದಾಗಿ ತೋರಿಸಿದೆ. ತಲೆಯಾಡಿಸುತ್ತ ಕೇಳಿಸಿಕೊಂಡಳು. ಎದ್ದು ಹೊರಟಾಗ ಮೆಲ್ಲಗೆ ಕೇಳಿದಳು —

"ಅವ್ರು ನಿಮ್ಮಲ್ಲಿಗೆ ಬಂದಿದ್ರಂತೆ. ಹೇಗಿದ್ರು?"

ಏನು ಹೇಳಲಿ? ಬಾಯಿಗೆ ಬಂದದ್ದು ಹೇಳಿದೆ. "ಶರ್ಟಿಗೆ ಇಸ್ತ್ರಿ ಮಾಡ್ಕೊಂಡಿದ್ರು."

"ಓ... ಕಲಿತ್ರಾ?" ನಕ್ಕಳು. ನಗುತ್ತಲೇ ಗೋಡೆಯ ಕಡೆ ತಿರುಗಿ, ಬಲ ಮಣಿಕಟ್ಟಿನ ಮೇಲಿದ್ದ, ಇಸ್ತ್ರಿಪೆಟ್ಟಿಗೆಯ ಮೂತಿಯಾಕಾರದ ಹಳೆಯ ಸುಟ್ಟ ಕಲೆಯನ್ನು ಸೆರಗಿನಿಂದ ಮುಚ್ಚಿಕೊಂಡಳು.