ಕೆಂಪು ಗೆರೆಯ ಎತ್ತರ

ಮನೆಯಿಂದ,
ತಾ. ೧೨, ಮಂಗಳವಾರ ಮಧ್ಯಾಹ್ನ

ಚಿನ್ನಿಯ ಅಪ್ಪನಿಗೆ ನಮಸ್ಕಾರ.

ನಿಮ್ಮ ಸೊಂಟನೋವು ಹೇಗಿದೆ? ಎಣ್ಣೆ ಹಚ್ಚಿಕೊಳ್ಳುತ್ತಿದ್ದೀರೋ, ಪೆಟ್ಟಿಗೆಯಲ್ಲೇ ಇಟ್ಟಿದ್ದೀರೋ? ನಾವು ಚೆನ್ನಾಗಿದ್ದೇವೆ ಎಂದು ಬರೆಯಬೇಕು, ಆದರೆ ಬೆಳಗಿನ ಜಾವ ಕೆಟ್ಟ ಕನಸು ಬಿತ್ತು. ನಾನು ಎಸೆದ ಚೆಂಡು ಮೇಲೆ ಹೋದದ್ದು ಕೆಳಗೆ ಬರಲೇ ಇಲ್ಲ. ಚಿನ್ನಿ ಕೈ ಎತ್ತಿಕೊಂಡು ಕಾಯುತ್ತಲೇ ನಿಂತಿದ್ದಳು.

ನೀವೇನೋ ಮಗಳಿಗೆ ವಾಲಿಬಾಲ್ ಹುಚ್ಚು ಹತ್ತಿಸಿ, ಹಿತ್ತಲಿನ ಎರಡು ಕಂಬಕ್ಕೂ ಟೇಪ್ ಹಿಡಿದು ಕೆಂಪು ಗೆರೆ ಎಳೆದು, 'ನೆಟ್ ಇಲ್ಲಿಗೇ ಕಟ್ಟು, ಒಂದು ಬೆರಳೂ ಆಚೀಚೆ ಆಗ್ಬಾರ್ದು' ಎಂದು ಹೇಳಿ ಕೆಲಸಕ್ಕೆ ಹೊರಟುಬಿಟ್ಟಿರಿ. ಅನುಭವಿಸುವವಳು ನಾನು. ಆರನೇ ಕ್ಲಾಸಿಗೇ ಶಾಲೆ ಬಿಟ್ಟವಳು ಆಟದ ಪಾಠ ಮಾಡಬೇಕು! ನಾನು ಎಸೆದ ಚೆಂಡನ್ನು ಅವಳು ಮೊಣಕಾಲು ಬಗ್ಗಿಸಿ, ಮುಂಗೈ ಜೋಡಿಸಿ ಪಾಸ್ ಮಾಡಿ, ನೆಟ್ ಪಕ್ಕದ ಬಟ್ಟೆ ಬುಟ್ಟಿಗೆ ಬೀಳಿಸಬೇಕು. ಬೀಳಿಸುತ್ತಾಳೆ. ಆಮೇಲೆ ನಿಮ್ಮ ತಂಗಿ ಬೆರಳತುದಿಯಲ್ಲಿ ಚೆಂಡು ಎತ್ತಿಕೊಡಬೇಕು. ಉಗುರು ಮುರಿಯಿತೆಂದು ನನ್ನ ಮೇಲೆ ಸಿಡಿಮಿಡಿ. ಚಿನ್ನಿ ಓಡಿ ಬಂದು ಹಾರಿ ಹೊಡೆದರೆ ಪಕ್ಕದ ಮನೆಯ ಗೋಡೆ ನಡುಗುತ್ತದೆ.

ಶಾಲೆಯ ಮೈದಾನದಲ್ಲಿ ಮಾತ್ರ ಅದೇ ಹೊಡೆತ ನೆಟ್‌ಗೇ. ಕೋಚ್ ಮೇಡಂ ನನ್ನೆದುರಿಗೇ ಅಂದರು: 'ಇವಳಿಗೆ ಹಾರೋಕೇ ಬರಲ್ಲ ಕಣಮ್ಮ. ಭಾನುವಾರದ ತಂಡದ ಆಯ್ಕೆಗೆ ಹೊಡೆಯೋರ ಜೊತೆ ನಿಲ್ಲೋದು ಬೇಡ, ಹಿಂದೆ ಪಾಸ್ ಮಾಡ್ಕೊಂಡಿರ್ಲಿ.' ಬೂಟು ಭಾರವೇನೋ ಎಂದು ಬದಲಾಯಿಸಿದೆ, ಮೊಟ್ಟೆ ತಿನ್ನಿಸಿದೆ. ಚೆಂಡು ಎತ್ತುವುದೇ ಸರಿಯಿಲ್ಲ ಎಂದು ನಿಮ್ಮ ತಂಗಿಯನ್ನು ಬೈದೆ. ಅವಳು ಮುನಿಸಿಕೊಂಡು ಈ ಕಡೆ ತಲೆ ಹಾಕುವುದನ್ನೇ ಬಿಟ್ಟಳು.

ಇನ್ನೊಂದು ಸುದ್ದಿ. ಬಚ್ಚಲ ನೀರು ನಿಂತು ಹಿತ್ತಲು ಕೆಸರಾಗುತ್ತಿತ್ತಲ್ಲ, ನೀವು ಹೋದ ಮೇಲೆ ಗಾರೆಯವನನ್ನು ಕರೆಸಿ, ಮಣ್ಣು ತುಂಬಿಸಿ ಕಾಂಕ್ರೀಟ್ ಹಾಕಿಸಿದೆ. ನೆಲ ಒಂದು ಗೇಣು ಮೇಲೆ ಬಂದಿದೆ. ಮಗು ಜಾರಿ ಬಿದ್ದೀತೆಂಬ ಭಯ ತಪ್ಪಿತು. ಇದೊಂದನ್ನಾದರೂ ನೆಟ್ಟಗೆ ಮಾಡಿದಳು ಅಂದುಕೊಳ್ಳಿ.

ಬಿಸಿಲಿಗೆ ತಲೆಗೆ ಬಟ್ಟೆ ಕಟ್ಟಿಕೊಳ್ಳಿ, ಹೊತ್ತು ಹೊತ್ತಿಗೆ ಉಣ್ಣಿ.

ನಿಮ್ಮ ಮೇಲೆ ಸಿಟ್ಟಿರುವ,
ಚಿನ್ನಿಯ ಅಮ್ಮ

ಮತ್ತೆ: ಈಗಷ್ಟೇ ನೆಟ್‌ನ ಮೇಲಿನ ಹಗ್ಗದಲ್ಲಿ ಒಣಹಾಕಿದ್ದ ಟವೆಲ್ ತೆಗೆಯಲು ಹೋದೆ. ಮೊದಲು ಸ್ಟೂಲ್ ಬೇಕಿತ್ತು. ಇವತ್ತು ನಿಂತಲ್ಲೇ ಕೈಗೆ ಸಿಕ್ಕಿತು. ನಾನಂತೂ ಬೆಳೆದಿಲ್ಲ. ರೀ, ಗೆರೆ ಅಲ್ಲೇ ಇದೆ, ನೆಲ ಮೇಲೆ ಬಂದಿದೆ! ಮಗು ಇಷ್ಟು ದಿನ ಗಿಡ್ಡ ನೆಟ್ ಮೇಲೆ ಹೊಡೆದು ಕಲಿತಿದೆ. ಈಗಲೇ ಗೇಣು ಮೇಲೆ ಕಟ್ಟುತ್ತೇನೆ, ನಿಮ್ಮ ತಂಗಿಯ ಕಾಲು ಹಿಡಿದಾದರೂ ಕರೆತರುತ್ತೇನೆ. ಟೇಪನ್ನೂ ನೀವೇ ಒಯ್ದಿದ್ದೀರಿ. ಈ ಪತ್ರ ತಂದ ಲಾರಿ ಡ್ರೈವರ್ ಕೈಯಲ್ಲೇ ಇನ್ನೊಮ್ಮೆ ಯೋಚಿಸಿ ಬರೆದು ಕಳಿಸಿ, ನನ್ನ ಗೇಣಿನ ಲೆಕ್ಕ ತಪ್ಪಬಾರದು: ಅವತ್ತು ಟೇಪ್ ಹಿಡಿದದ್ದು ಮಣ್ಣಿನ ನೆಲದಿಂದಲೇ ತಾನೆ, ಬಚ್ಚಲ ಮೆಟ್ಟಿಲಿನಿಂದ ಅಲ್ಲ ತಾನೆ?